ರೊಟ್ಟಿ ಯಾವ ಕಡೆ ತಿರುಗುತ್ತದೆ?

ಮಳೆಗಾಲ ಮುಗಿದ ಮೇಲೆ ಬಿತ್ತುವ ಜನರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಗಳು ಪದ್ಮಳಿಗೆ ತಿಕೋಟಾದ ಶಾಲೆಗೆ ವರ್ಗವಾಗಿ, ಅವಳ ಜೊತೆ ನಾನೂ ವಿಜಯಪುರಕ್ಕೆ ಬಂದ ಹೊಸತು. ಶಾಲೆ ನೋಡಿಕೊಂಡು ಬರೋಣ ಎಂದು ಇಬ್ಬರೂ ಬಸ್ಸು ಹತ್ತಿದ್ದೆವು. ಕಿಟಕಿಯಾಚೆ ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ ಬಿಟ್ಟರೆ ಕಣ್ಣು ಹಾಯುವಷ್ಟು ದೂರ ಬರೀ ಕರಿ ನೆಲ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಆ ಬಿಸಿಲಿನಲ್ಲಿ ಒಬ್ಬ ಎತ್ತು ಹೂಡಿಕೊಂಡು ನೆಮ್ಮದಿಯಾಗಿ ಬಿತ್ತುತ್ತಿದ್ದಾನೆ!

"ಪಾಪ, ಮಳೆ ಹೋಯ್ತು ಕಣಪ್ಪ ಅಂತ ಇವನಿಗೆ ಯಾರಾದರೂ ಹೇಳಬಾರದಾ?" ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪದ್ಮ ನನ್ನ ಗುರುತಿಲ್ಲದವಳ ಹಾಗೆ ಆ ಕಡೆ ಮುಖ ತಿರುಗಿಸಿಕೊಂಡಳು.

ಶ್ರೀರಂಗಪಟ್ಟಣದ ಪಕ್ಕದ ನಮ್ಮೂರಿನವರೇ, ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಊರು ಬಿಡುವ ಮುಂಚೆ ಮೊಮ್ಮಗಳು ಕಲಿಸಿದ ವಿದ್ಯೆ. ತಪ್ಪಿದ್ದರೆ ಫೋನಿನದು, ಸರಿಯಿದ್ದರೆ ನನ್ನದು.

ನಮ್ಮ ಮನೆ ಇರುವುದು ಸಿದ್ಧೇಶ್ವರ ಗುಡಿಯ ಹಿಂದಿನ ಒಂದು ಓಣಿಯಲ್ಲಿ. ಓಣಿ ಎಂದರೆ ನಮ್ಮ ಬೀದಿ, ಆದರೆ ಎದುರು ಮನೆಯವರ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುವಷ್ಟು ಕಿರಿದು. ಅಲ್ಲಿ ಹೆಂಚಿನ ಸೂರು, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿ ಮನೆಯ ಹಿಂದೆಯೇ ನಾಲೆ, ಇಲ್ಲಿ ನಲ್ಲಿಯಲ್ಲಿ ನೀರು ಬರುವ ದಿನವೇ ಸಣ್ಣ ಹಬ್ಬ. ನಾವು "ಊಟ ಆಯ್ತಾ?" ಎಂದು ಕೇಳುತ್ತೇವೆ. ಇಲ್ಲಿ ಕೇಳುವುದಿಲ್ಲ, ತಂದೇ ಇಡುತ್ತಾರೆ. ಮನೆಯ ಒಡತಿ ಶಾಂತವ್ವ ಬಬಲೇಶ್ವರದ ಮಗಳು, ನನ್ನದೇ ವಯಸ್ಸು. ಮೊದಲ ದಿನವೇ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟು, "ತಿನ್ರಿ ಮೈಸೂರವ್ವ, ಗಾಳಿ ಬಂದ್ರ ಹಾರಿ ಹೋಗೂವಂಗ ಅದೀರಿ" ಎಂದಳು. ಹಿಂಡಿ ಎಂದರೆ ಚಟ್ನಿಪುಡಿ. ಮೈಸೂರು ನನ್ನ ಊರಲ್ಲ ಎಂದು ಹೇಳಿ ನೋಡಿದೆ. ತುಂಗಭದ್ರೆಯ ಆಚೆಗೆ ಇರುವುದೆಲ್ಲ ಇವರಿಗೆ ಮೈಸೂರೇ.

ಎಲ್ಲ ಸರಿ, ಮಾತಿಗೆ ಜನವಿರಲಿಲ್ಲ. ಪದ್ಮ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಗೋಡೆಯ ಹಲ್ಲಿಗೆ ಊರಿನ ಸುದ್ದಿ ಹೇಳುವ ಹಂತಕ್ಕೆ ಬಂದಿದ್ದೆ. ಅದನ್ನು ಕೇಳಿಸಿಕೊಂಡಳೋ ಏನೋ, ಶಾಂತವ್ವ ಒಂದು ಶನಿವಾರ ಹಸೀನಾ ಅಕ್ಕಾರ ಮನೆಗೆ ಎಳೆದುಕೊಂಡು ಹೋದಳು. ಅಕ್ಕಾರು ಎಂದರೆ ಇಲ್ಲಿ ಶಾಲೆಯ ಮೇಡಂ. ಇವರು ನಿವೃತ್ತರಾಗಿದ್ದಾರೆ, ಆದರೆ ಪ್ರಶ್ನೆ ಕೇಳುವ ಚಟ ನಿವೃತ್ತಿಯಾಗಿಲ್ಲ. ಪ್ರತಿ ಶನಿವಾರ ಊಟದ ನಂತರ ಓಣಿಯ ಹೆಂಗಸರೆಲ್ಲ ಅವರ ಪಡಸಾಲೆಯಲ್ಲಿ ಸೇರಿ ಸಾಮಾನ್ಯ ಜ್ಞಾನದ ಆಟ ಆಡುತ್ತಾರೆ. ಫೋನು ಮುಟ್ಟುವಂತಿಲ್ಲ. ಒಬ್ಬಳು ಪ್ರಶ್ನೆ ಕೇಳಬೇಕು, ಉಳಿದವರು ಕೂಡಿ ಒಂದೇ ಉತ್ತರ ಕೊಡಬೇಕು. ಎಲ್ಲರನ್ನೂ ಸೋಲಿಸಿದವಳಿಗೆ ಅಕ್ಕಾರ ಪಕ್ಕದ ಹತ್ತಿಯ ಗಾದಿ. ಸೋತವರು ಅವಳಿಗೆ ಒಂದು ಮರುಪ್ರಶ್ನೆ ಹಾಕಬಹುದು. ಉತ್ತರ ಬರದಿದ್ದರೆ ಇಳಿಯಬೇಕು. ಒಮ್ಮೆಯಾದರೂ ಗಾದಿ ಏರಿದವಳು ಓಣಿಯವಳು. ಏರದವಳು ಎಷ್ಟು ವರ್ಷವಿದ್ದರೂ ಅತಿಥಿ.

ಆವತ್ತು ನನ್ನನ್ನು ಪರೀಕ್ಷಿಸಲೆಂದೇ ಅಕ್ಕಾರು ಕೇಳಿದರು: "ಮಳಿ ಇಲ್ದ, ನೀರು ಹಾಯಿಸ್ದ ಬೆಳಿಯೂ ಪೈರು ಯಾವ್ದರಿ?"

ನಾಲೆಯ ದಂಡೆಯಲ್ಲಿ ಹುಟ್ಟಿದ ಧೈರ್ಯದಿಂದ ಹೇಳಿದೆ: "ಅಂಥ ಪೈರು ಭೂಮಿ ಮೇಲೇ ಇಲ್ಲ ಕಣ್ರೀ!"

ಪಡಸಾಲೆ ಬಿದ್ದುಬಿದ್ದು ನಕ್ಕಿತು. "ಯವ್ವಾ, ಮುಂಜಾನಿ ಮೂರು ರೊಟ್ಟಿ ತಿಂದು ಬಂದಾಳ, ಆ ಪೈರು ಇಲ್ಲಂತಾಳ!" ಎಂದು ಶಾಂತವ್ವ ಕಣ್ಣೊರೆಸಿಕೊಂಡಳು. ಅಕ್ಕಾರು ಬಿಡಿಸಿ ಹೇಳಿದರು. ಈ ಎರೆ ಮಣ್ಣು ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದಂತೆ. ಮಳೆ ಹೋದ ಮೇಲೆ ಬಿತ್ತುವ ಹಿಂಗಾರಿ ಜೋಳ ಚಳಿಗಾಲವಿಡೀ ಅದನ್ನೇ ಕುಡಿದು ಬೆಳೆಯುತ್ತದಂತೆ. ನಮ್ಮ ಭತ್ತ ಕಾಲು ನೆನೆಯದಿದ್ದರೆ ಮುನಿಸಿಕೊಳ್ಳುತ್ತದೆ, ಈ ಜೋಳ ಒಂದು ಸಲ ಕುಡಿದದ್ದನ್ನು ನೆನೆಸಿಕೊಂಡೇ ತೆನೆ ಬಿಡುತ್ತದೆ!

ಅಂದಿನಿಂದ ಆ ಗಾದಿ ನನಗೆ ಬೇಕೇ ಬೇಕೆನಿಸಿತು. ಕಾವೇರಿ ಹುಟ್ಟುವುದು ಎಲ್ಲಿ ಎಂದು ಕೇಳಿದೆ. "ಸಾಲಿ ಹುಡುಗರಿಗೆ ಕೇಳ್ರಿ" ಎಂದರು. ಮನೆಯಲ್ಲೇ ಫೋನಿನಲ್ಲಿ ಹುಡುಕಿಕೊಂಡು ಹೋಗಿ, ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂದು ಕೇಳಿದೆ. ಎಲ್ಲರೂ ಒಟ್ಟಿಗೆ "ಮೂರು!" ಎಂದರು. "ಆ ಮೂರು ಹೃದಯ ನಮ್ಮ ಫೋನಿಗೂ ಬಂದಾವ್ರಿ ಮೈಸೂರವ್ವ" ಎಂದಳು ಶಾಂತವ್ವ.

ಈ ನಡುವೆ ಅವಳು ನನಗೆ ರೊಟ್ಟಿ ಬಡಿಯುವುದನ್ನು ಕಲಿಸುತ್ತಿದ್ದಳು. ಬಡಿಯುವುದೆಂದರೆ ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ತಟ್ಟುವುದು. ಅವಳ ಕೈ ಬಿದ್ದ ಹಾಗೆಲ್ಲ ರೊಟ್ಟಿ ತಾನೇ ತಿರುಗುತ್ತಾ ಚಂದ್ರನಾಗುತ್ತದೆ. ನನ್ನದು ತಿರುಗುವುದೇ ಇಲ್ಲ, ಕೂತಲ್ಲೇ ಕೂತು ಶ್ರೀಲಂಕಾದ ನಕ್ಷೆಯಾಗುತ್ತದೆ. ಯಾಕೆ ತಿರುಗುತ್ತಿಲ್ಲವೆಂದು ಅವಳ ಕೈಯನ್ನು ದಿನವೂ ಕಣ್ಣಿಟ್ಟು ನೋಡಿದೆ. ನೋಡುತ್ತಾ ನೋಡುತ್ತಾ ಪ್ರಶ್ನೆ ಸಿಕ್ಕಿತು.

ಶನಿವಾರ ಕೇಳಿದೆ: "ರೊಟ್ಟಿ ಬಡಿಯುವಾಗ ಹಲಗೆ ಮೇಲೆ ತಿರುಗುತ್ತಲ್ಲಾ, ಯಾವ ಕಡೆಗೆ? ಗಡಿಯಾರದ ಮುಳ್ಳಿನ ಹಾಗಾ, ಅದಕ್ಕೆ ಉಲ್ಟಾನಾ?"

ಒಬ್ಬೊಬ್ಬಳೇ ಗಾಳಿಯಲ್ಲಿ ರೊಟ್ಟಿ ಬಡಿಯತೊಡಗಿದಳು. ಕೆಲವರ ಗಾಳಿರೊಟ್ಟಿ ಬಲಕ್ಕೆ, ಕೆಲವರದು ಎಡಕ್ಕೆ.

"ಬುದ್ಧಿ ಬಂದಾಗಿಂದ ಬಡದೇನಿ, ನನಗ ಗೊತ್ತಿಲ್ಲೇನು? ಗಡಿಯಾರದಂಗ!" ಎಂದಳು ಶಾಂತವ್ವ. ಓಣಿಯಲ್ಲಿ ಅವಳಷ್ಟು ತೆಳ್ಳಗೆ ಬಡಿಯುವವರಿಲ್ಲ, ಹಾಗಾಗಿ ಅವಳ ಮಾತೇ ಎಲ್ಲರ ಉತ್ತರವಾಯಿತು.

"ಗಾಳಿ ಬಡದ್ರ ಏನ್ ತಿಳೀತೈತಿ? ಹಿಟ್ಟ ತರ್ರಿ" ಎಂದರು ಅಕ್ಕಾರು.

ಶಾಂತವ್ವ ಸೆರಗು ಸಿಕ್ಕಿಸಿ ಕೂತಳು. ಪಟ್, ಪಟ್, ಪಟ್. ರೊಟ್ಟಿ ತಿರುಗಿತು, ಉಲ್ಟಾ!

"ಈ ಹಿಟ್ಟು ಸರಿ ಇಲ್ಲ" ಎಂದಳು. ಆಮೇಲೆ, "ಇದೇನ್ ಸಾಮಾನ್ಯ ಜ್ಞಾನ ಏನ್ರಿ ಅಕ್ಕಾರ? ಇದು ಬರೇ ರೊಟ್ಟಿ!"

"ಉತ್ತರ ಧ್ರುವದ ಮ್ಯಾಲಿಂದ ನೋಡಿದ್ರ ಭೂಮಿನೂ ಹಿಂಗ ತಿರಗತೈತಿ ಶಾಂತಾ. ಭೂಗೋಳ ಅಂತ ತಿಳ್ಕೊ" ಎಂದು ಅಕ್ಕಾರು ಗಾದಿ ತಟ್ಟಿ ನನ್ನನ್ನು ಕರೆದರು.

ಏರಿ ಕೂತೆ. ಎಂಥಾ ಮೆತ್ತಗೆ! ಬೆನ್ನು ಗೋಡೆಗೆ ತಾಗುವಷ್ಟರಲ್ಲಿ ಶಾಂತವ್ವ ಮರುಪ್ರಶ್ನೆ ಎಸೆದಳು: "ಆತು ಬೇ. ನಿಮ್ಮ ಕಡೆ ರಾಗಿ ಮುದ್ದಿ ಮಾಡಾಕ ಕೋಲು ತಿರುವ್ತಾರಲ್ಲ, ನಿನ್ನ ಕೋಲು ಯಾವ ಕಡೆ ತಿರಗತೈತಿ?"

ಮದುವೆಗೂ ಮೊದಲಿಂದ ತಿರುವಿದ ಕೋಲು. ಕಣ್ಣು ಮುಚ್ಚಿದೆ. ಗಾಳಿಯಲ್ಲಿ ಎರಡೂ ಕೈಯಿಂದ ಕೋಲು ಹಿಡಿದೆ. ಒಮ್ಮೆ ಹೀಗೆ ಹೋಯಿತು, ಒಮ್ಮೆ ಹಾಗೆ ಹೋಯಿತು. ಎಲ್ಲರೂ ನಗುತ್ತಿದ್ದರು, ನಾನೂ.

"ಏರಿದ್ದು ಏರಿದ್ದ. ಇನ್ನ ನೀ ಓಣಿಯಾಕಿ" ಎಂದು ಅಕ್ಕಾರು ತೀರ್ಪು ಕೊಟ್ಟರು. "ಆದ್ರ ಗಾದಿ ಬಿಡು, ಇಳಿ."

ಅವರು ನನಗೆ 'ರಿ' ಬಿಟ್ಟು ಮಾತಾಡಿದ್ದು ಅದೇ ಮೊದಲು. ಕುಣಿಯುತ್ತಾ ಮನೆಗೆ ಬಂದೆ. ಬಂದವಳೇ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ನನ್ನ ಕೈಯನ್ನೇ ನೋಡುತ್ತಾ ನಿಂತೆ. ನೋಡಿದರೆ ಕೈಗೆ ನಾಚಿಕೆ! ಅರ್ಧ ಸುತ್ತು ಹೋಗಿ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ಮುದ್ದೆಯೆಲ್ಲ ಗಂಟು. ಪದ್ಮ ಒಂದು ತುತ್ತು ನುಂಗಿ, "ಅಮ್ಮಾ, ಇದೇನು, ನಿನಗೆ ಮುದ್ದೇನೂ ಮರೆತುಹೋಯ್ತಾ?" ಎಂದಳು. ಮರೆತಿಲ್ಲ ಮಗಳೇ, ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ ಎಂದೆ.

ಆದ್ದರಿಂದ ಊರಿನವರೇ, ನೀವೂ ನಿಮ್ಮ ಕೈ ನೋಡಿಕೊಳ್ಳಲು ಹೋಗಬೇಡಿ, ಮಕ್ಕಳು ಗಂಟು ತಿನ್ನಬೇಕಾದೀತು. ಎಂದಿನಂತೆ ತಿರುವುತ್ತಿರಿ. ಬೇಸಿಗೆ ರಜೆಗೆ ನಾನು ಬರುತ್ತೇನೆ. ಅಷ್ಟು ಹೊತ್ತಿಗೆ ನಿಮಗೂ ನಾನು ಅರ್ಧ ಹೊರಗಿನವಳಾಗಿರುತ್ತೇನೆ. ನಿಮ್ಮ ಕೋಲು ಯಾವ ಕಡೆ ತಿರುಗುತ್ತದೆಂದು ಬಾಗಿಲ ಹತ್ತಿರ ಕೂತು ನಾನೇ ನೋಡಿಕೊಳ್ಳುತ್ತೇನೆ.