ಫಾಡಾದ ಪ್ರಧಾನಮಂತ್ರಿ

ನಮ್ಮ ಝಿಂದೇರ್ ಪಟ್ಟಣದ ಹಳೇ ಕೇರಿಯಲ್ಲಿ ಲವಾಲಿ ಎಂಬ ಇಪ್ಪತ್ತಮೂರರ ಗಂಡಾಳು ಇದ್ದಾನೆ. ಶಾಲೆ ಬಿಟ್ಟು ಒಂಬತ್ತು ವರ್ಷ, ಕೆಲಸ ಹಿಡಿದು ಸೊನ್ನೆ ವರ್ಷ. ಆದರೆ ಹುದ್ದೆಗೇನೂ ಕೊರತೆಯಿಲ್ಲ. ಗೋಡೆಯ ನೆರಳಿಗೆ ಚಾಪೆ ಹಾಸಿ ದಿನವಿಡೀ ಚಹಾ ಕಾಸುವ ಹುಡುಗರ ಕೂಟಕ್ಕೆ ನಮ್ಮಲ್ಲಿ ಫಾಡಾ ಎನ್ನುತ್ತಾರೆ. ಅಸಲಿಗೆ ಅದು ಸುಲ್ತಾನರ ದರ್ಬಾರಿನ ಹೆಸರು. ದರ್ಬಾರೆಂದ ಮೇಲೆ ಮಂತ್ರಿಗಳು ಬೇಡವೇ? ಲವಾಲಿ ಅಲ್ಲಿಯ ಪ್ರಧಾನಮಂತ್ರಿ. ಅವನ ಇಡೀ ಸಂಪುಟವನ್ನು ಹಿಂಡಿದರೂ ಒಂದು ಹನಿ ಬೆವರು ಸಿಗದು. ಅವನು ಒರಗಿ ಒರಗಿ ಮಣ್ಣಿನ ಗೋಡೆಯಲ್ಲಿ ಬಿದ್ದ ಗುಂಡಿಯಲ್ಲಿ ಕಳೆದ ವರ್ಷ ಮೇಕೆಯೊಂದು ಮರಿ ಹಾಕಿತು.

ಒಂದೇ ಒಂದು ವಿದ್ಯೆ ಅವನಿಗಿತ್ತು: ಕೆಟಲನ್ನು ತಲೆಗಿಂತ ಮೇಲೆತ್ತಿ, ಹೆಬ್ಬೆರಳುದ್ದದ ಲೋಟಕ್ಕೆ ಹನಿ ಚೆಲ್ಲದೆ ಚಹಾ ಸುರಿಯುವುದು. ಅಲಸಂದೆ ವಡೆ ಮಾರಿ ಮನೆ ನಡೆಸುವ ಅವನ ತಾಯಿ ಹಾವಾ, ಆ ವಿದ್ಯೆಯನ್ನೇ ಹೊಗಳಿಕೊಂಡು, ಊರೆಲ್ಲ ಗೌರವದಿಂದ ಮಾಲಂ ಎಂದು ಕರೆಯುವ ಚಾಯಿಬುವಿನ ಮುಂದೆ ಸೆರಗೊಡ್ಡಿದಳು. ಚಾಯಿಬು ಗುಜರಿ ಅಲ್ಯೂಮಿನಿಯಂ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ಪಾತ್ರೆ ಮಾಡುವವನು. ನಡುಗದ ಕೈಯೊಂದು ಅವನಿಗೂ ಬೇಕಿತ್ತು. ಸಂಜೆ ಬಂದು ನೋಡುತ್ತೇನೆ, ಕೈ ಹಿಡಿಸಿದರೆ ನಾಳೆಯಿಂದಲೇ ಕೆಲಸ ಎಂದ.

ಬಂದ, ಚಾಪೆಯ ಮೇಲೆ ಕೂತ. ಲವಾಲಿಯ ತಂಗಿ ದೇಲು ಎಂದಿನಂತೆ ಮನೆಯಿಂದ ಕೆಂಡ ತಂದಿಟ್ಟಳು. ಚಹಾ ಕುದಿಯಿತು. ಇಂಥ ಅತಿಥಿಯ ಮುಂದೆ ಪ್ರಧಾನಮಂತ್ರಿ ತಾನೇ ಕೆಟಲು ಹಿಡಿದರೆ ಫಾಡಾದ ಮಾನ ಏನಾದೀತು ಎಂದು ಲವಾಲಿಗೆ ಆಗಲೇ ಹೊಳೆಯಬೇಕೇ?

"ದೇಲು, ಹಿರಿಯರಿಗೆ ನೀನೇ ಚಾ ಹಾಕೇ," ಎಂದು ಕಾಲ ಮೇಲೆ ಕಾಲು ಹಾಕಿದ.

ಅಣ್ಣ ನಿದ್ದೆ ಹೋದಾಗಲೆಲ್ಲ, ಅಂದರೆ ವರ್ಷಕ್ಕೆ ನಾನೂರು ದಿನ, ಸುರಿದು ಪಳಗಿದ ಹುಡುಗಿ. ಸಂಪ್ರದಾಯದಂತೆ ಮೂರು ಸುತ್ತು ಸುರಿದಳು. ಚಾಪೆಯ ಮೇಲಿನ ಇರುವೆಗೂ ಒಂದು ಹನಿ ದಕ್ಕಲಿಲ್ಲ. ಮೂರನೆಯ ಲೋಟ ಮುಗಿಸಿ ಚಾಯಿಬು ಎದ್ದ.

"ಕೈ ನೋಡ್ದೆ, ಚೆನ್ನಾಗಿದೆ. ಬೆಳಗಿನ ನಮಾಜು ಮುಗಿಸ್ಕೊಂಡು ಬಾರಮ್ಮ."

"ಅಮ್ಮ ಕೆಲ್ಸ ಕೇಳಿದ್ದು ನಂಗಲ್ವಾ, ಮಾಲಂ?" ಎಂದ ಲವಾಲಿ.

"ನಿಂಗಾಗ್ಲೇ ಹುದ್ದೆ ಇದ್ಯಲ್ಲಪ್ಪ."

ಸಂಪುಟ ಮೂರು ವಾರ ಕುಳಿತು ಇದನ್ನು ಖಂಡಿಸಿತು. ಕೆಂಡ ತರುವವರಿಲ್ಲದೆ ಒಲೆ ತಣ್ಣಗಿತ್ತು. ಮನೆಯವರೆಗೆ ಹೋಗಿ ತರೋಣವೆಂದರೆ ಅದು ಯಾವ ಮಂತ್ರಿಯ ಖಾತೆಗೂ ಸೇರಿರಲಿಲ್ಲ. ಕೊನೆಗೆ ಪ್ರಧಾನಮಂತ್ರಿಯೇ ಖಾಲಿ ತಂತಿ ಒಲೆ ಹಿಡಿದು, ಕೆಂಡಕ್ಕೆಂದು ಹಾದಿಯಲ್ಲೇ ಇದ್ದ ಚಾಯಿಬುವಿನ ಕುಲುಮೆಗೆ ಹೋದ. ದೇಲು ಅಚ್ಚಿಗೆ ಲೋಹ ಹೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲೇ ನಿಂತ್ಕೊಳಣ್ಣ, ಇದು ಮುಗೀಲಿ."

ನಿಲ್ಲುವ ಅಭ್ಯಾಸ ಅವನಿಗೆಲ್ಲಿಯದು? ಕುಲುಮೆಯ ಗೋಡೆಗೆ ಒರಗಿ ಕೂತ. ಈಗ ದಿನವೂ ಬರುತ್ತಾನೆ. ಆ ಗೋಡೆಯಲ್ಲೂ ಗುಂಡಿ ಬೀಳುತ್ತಿದೆ.