ಸೊಂಟದ ಬೀಗದ ಕೈ ಕ್ಲೌಡಿಗೆ ಹೋದದ್ದು

ನಮ್ಮ ಸಾಹುಕಾರರ ಅರಿಸಿನದ ಮಂಡಿ ಇರುವುದು ಚಾಮರಾಜನಗರದಲ್ಲಿ, ಹೂವಿನ ಶಾಖೆ ಗುಂಡ್ಲುಪೇಟೆಯಲ್ಲಿ. ಹೂವಿನ ಶಾಖೆಗೆ ನಾನು ಮ್ಯಾನೇಜರ್. ಹಾಗಂತ ಬೋರ್ಡಿನಲ್ಲಿ ಬರೆದಿದೆ, ಅಷ್ಟೇ. ಮಂಡಿಯ ಬೀಗದ ಕೈ ಸಾಹುಕಾರರ ಉಡುದಾರದಲ್ಲಿ ನೇತಾಡುತ್ತಿತ್ತು. ಅವರ ಅಪ್ಪನ ಸೊಂಟದಿಂದ ಇವರ ಸೊಂಟಕ್ಕೆ ಬಂದದ್ದು, ನಡುವೆ ನೆಲ ಕಂಡಿರಲಿಲ್ಲ.

ಆ ಬೀಗದ ಹಿಂದೆಯೇ ನಮ್ಮ ಸರ್ವರ್ ಇತ್ತು. ಮಂಡಿಯ ಮೆಟ್ಟಿಲ ಕೆಳಗೆ, ಗೋಣಿಚೀಲಗಳ ಪಕ್ಕದಲ್ಲಿ, ಮೈಯೆಲ್ಲಾ ಹಳದಿ ಮೆತ್ತಿಕೊಂಡು, ಅರಿಸಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಕೂತಿರುತ್ತಿತ್ತು. ಸಾಹುಕಾರರು ಎದ್ದು, ಸ್ನಾನ ಮಾಡಿ, ಶಿವಪೂಜೆ ಮುಗಿಸಿ, ತಿಂಡಿ ತಿಂದು, ಬಂದು ಬೀಗ ತೆಗೆದು ಸ್ವಿಚ್ ಒತ್ತಬೇಕು. ಅಲ್ಲಿಯ ತನಕ ಗುಂಡ್ಲುಪೇಟೆಯಲ್ಲಿ ನನ್ನ ಮುಂದಿನ ಪರದೆ ಖಾಲಿ. ರೈತರು ಚೆಂಡು ಹೂವಿನ ಮೂಟೆಯ ಮೇಲೆ ಕೂತು, 'ಏನ್ ಮೇನೇಜ್ರೆ, ಸಾವ್ಕಾರ್ರ ತಿಂಡಿ ಆಗ್ಲಿಲ್ವಾ?' ಎಂದು ನನ್ನನ್ನು ರೇಗಿಸುವರು. ಲೆಕ್ಕ ಒಪ್ಪಿಸಲು ಮಂಡಿಗೇ ಹೋದ ದಿನಗಳಲ್ಲಿ ಅವರು ಬರುವ ತನಕ ಹೊರಗಿನ ಜಗಲಿಯಲ್ಲಿ ಕೂತು ಕಾಯಬೇಕು. ನನಗೆ ಮೈ ಉರಿಯುತ್ತಿತ್ತು. ಸಂಬಳ ಹೆಚ್ಚು ಬೇಡ, ಆ ಬೀಗದ ಕೈಯನ್ನು ಒಂದು ದಿನ ನಂಬಿ ನನ್ನ ಕೈಗೆ ಕೊಡಲಿ ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಅಷ್ಟು ವರ್ಷ ದುಡಿದವನಿಗೆ ಅದು ದೊಡ್ಡ ಆಸೆಯೇನೂ ಅಲ್ಲ.

ಹೀಗಿರುವಾಗ ಮೈಸೂರಿನಿಂದ ಇಬ್ಬರು ಬೂಟಿನ ಹುಡುಗರು ಬಂದು, ಇಡೀ ವ್ಯವಹಾರವನ್ನು ಕ್ಲೌಡಿಗೆ ಹಾಕುತ್ತೇವೆ ಎಂದರು. ಇನ್ನು ಎಲ್ಲಿಂದ ಬೇಕಾದರೂ, ಯಾವಾಗ ಬೇಕಾದರೂ ಬಿಲ್ಲು ಮಾಡಬಹುದಂತೆ. ಸಾಹುಕಾರರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

'ಸರಿ ಕಣ್ರಪ್ಪ, ಬೀಗದ್ ಕೈ ಯಾರತ್ರ ಇರ್ತದೆ?'

'ಬೀಗವೇ ಇರಲ್ಲ ಸರ್. ಒಳಗೆ ಹೋಗೋಕೆ ಮೊಬೈಲಿಗೆ ಓಟಿಪಿ ಬರುತ್ತೆ. ಸಾಮಾನ್ಯವಾಗಿ ಮ್ಯಾನೇಜರ್ ನಂಬರ್ ಕೊಡ್ತಾರೆ.'

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

'ನನ್ ನಂಬರ್ ಆಕ್ಬುಡಿ,' ಎಂದರು ಸಾಹುಕಾರರು.

ಹುಡುಗರು ನನ್ನ ಮುಖ ನೋಡಿದರು, ನಾನು ತಾರಸಿ ನೋಡಿದೆ. ಹಳೇ ಸರ್ವರನ್ನು ಗುಜರಿಯವನು ಹೊತ್ತೊಯ್ಯುವಾಗ ಅದರ ಹೊಟ್ಟೆಯಿಂದ ಒಂದು ಹಿಡಿ ಅರಿಸಿನದ ಪುಡಿ ಉದುರಿತು. ಸಾಹುಕಾರರು ಅದನ್ನು ಬಾಚಿಸಿ ಪಕ್ಕಕ್ಕಿಡಿಸಿದರು. ಬಿಲ್ ಪುಸ್ತಕಗಳೂ ಗುಜರಿಗೆ ಹೋದವು. ನಾವು ಆಧುನಿಕರಾದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಮಾತ್ರ ಹಳೆಯದಾಗಲಿಲ್ಲ.

ಓಣಂ ಹಿಂದಿನ ದಿನ ಮಳೆ ಹಿಡಿದು, ಕೇರಳದ ಲಾರಿಗೆ ಹೂವು ತುಂಬುವಷ್ಟರಲ್ಲಿ ಕತ್ತಲಾಯಿತು. ಕೇರಳದ ದಾರಿಯಲ್ಲಿರುವ ಮದ್ದೂರಿನ ಕಾಡು ರಸ್ತೆಯ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಮುಚ್ಚಿದರೆ ಬೆಳಗಿನ ತನಕ ಲಾರಿ ಅಲ್ಲೇ. ಆಮೇಲೆ ಕೇರಳ ತಲುಪುವ ಹೊತ್ತಿಗೆ ಅಲ್ಲಿನ ಅಂಗಳಗಳಲ್ಲಿ ಹೂವಿನ ರಂಗೋಲಿ ಮುಗಿದಿರುತ್ತದೆ. ಬಿಲ್ಲಿಲ್ಲದೆ ಲಾರಿ ಹೊರಡುವಂತಿಲ್ಲ. ಬಿಲ್ಲು ಮಾಡೋಣ ಎಂದು ಕೂತರೆ ಕರೆಂಟು ಹೋಗಿ ಬಂತು, ಸಿಸ್ಟಮ್ಮು ನನ್ನನ್ನು ಹೊರಗೆ ತಳ್ಳಿ ಮತ್ತೆ ಓಟಿಪಿ ಕೇಳಿತು. ಕೇರಳದ ಡ್ರೈವರ್ ಬಾಗಿಲಲ್ಲಿ ನಿಂತು, 'ಸಾರೇ, ನಾಳೆ ಮಧ್ಯಾಹ್ನ ಈ ಹೂ ಯಾರಿಗೆ ವೇಣಂ? ಎಮ್ಮೆಗಾ?' ಎಂದ.

ಸಾಹುಕಾರರು ಫೋನು ಎತ್ತಲಿಲ್ಲ. ಅವರ ಹೆಂಡತಿಗೆ ಫೋನು ಮಾಡಿದೆ.

'ಪೂಜೆಗೆ ಕೂತವ್ರೆ ಕಣಪ್ಪ. ಅಂಗೈಲಿ ಲಿಂಗ ಅದೆ. ಮಾತಾಡ್ಸಂಗಿಲ್ಲ.'

'ಅವ್ರ ಫೋನು ಎಲ್ಲದೆ ಅಮ್ಮಾವ್ರೆ?'

'ಮಣೆ ಪಕ್ಕದಲ್ಲೇ ಅದೆ. ಆಗ್ಲಿಂದ ಗುಂಯ್ ಅಂತಾ ಅದೆ.'

'ಅದ್ರಲ್ಲಿ ಒಂದ್ ನಂಬರ್ ಬಂದದೆ, ಓದಿ ಏಳ್ಬುಡಿ. ಲಾರಿ ನಿಂತದೆ.'

ಅಮ್ಮನವರು, 'ಅದ್ನ ನಾನ್ ಮುಟ್ಟಾಕಿಲ್ಲ ಕಣಪ್ಪ. ಮದ್ವೆ ಆಗಿ ಬಂದಾಗ್ಲಿಂದ ಆ ಬೀಗದ್ ಕೈನೂ ಮುಟ್ದವ್ಳಲ್ಲ,' ಎಂದರು.

ಆ ಓಟಿಪಿ ಸತ್ತಿತು. ಇನ್ನೊಂದು ಕೇಳಿದೆ. ಚಾಮರಾಜನಗರದ ಪೂಜೆಯ ಕೋಣೆಯಲ್ಲಿ ಅದೂ ಗುಂಯ್ ಎಂದು, ವಿಭೂತಿ ಗಟ್ಟಿಯ ಪಕ್ಕದಲ್ಲೇ ಸತ್ತಿತು. ಪ್ರಪಂಚದ ಯಾವ ಮೂಲೆಯಿಂದಲೂ ತೆರೆಯಬಹುದಾದ ಬಾಗಿಲು ಒಂದು ಮಣೆಯ ಹತ್ತಿರ ಮುಗ್ಗರಿಸಿ ಕೂತಿತ್ತು. ಡ್ರೈವರ್ ಸಿಟ್ಟಿಗೆ ಲಾರಿ ಚಾಲೂ ಮಾಡಿ ಮತ್ತೆ ಆಫ್ ಮಾಡಿದ. ನಾನು ಕೂಗಿಯೇಬಿಟ್ಟೆ: 'ಅಮ್ಮಾವ್ರೆ, ಲಾರಿ ತುಂಬ ಊವ ಅದೆ, ಶಿವನ್ ತಲೆಗೂ ಇಲ್ಲ, ಮನುಷ್ರಿಗೂ ಇಲ್ಲ, ಕೊಳ್ತೋಯ್ತದೆ!'

ಅತ್ತಲಿಂದ ಬಳೆ ಸದ್ದು ಕೇಳಿತು. ಹೆಜ್ಜೆ ಸದ್ದು ಕೇಳಿತು. ಸಾಹುಕಾರರು ಗಂಟಲಲ್ಲೇ 'ಹೂಂ!' ಎಂದು ಗದರಿದ್ದೂ ಕೇಳಿತು. ಆಮೇಲೆ ಅಮ್ಮನವರ ದನಿ: 'ಬರ್ಕೊ.'

ಲಾರಿ ಗೇಟು ದಾಟಿತು.

ಮರುದಿನ ಸಾಹುಕಾರರು ತಾವೇ ಗುಂಡ್ಲುಪೇಟೆಗೆ ಬಂದರು. ಬೈಯುತ್ತಾರೆಂದು ನಿಂತಿದ್ದೆ. ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, 'ನೆನ್ನೆ ನೀ ಕೂಗಿದ್ದು ದಿಟ ಕಣಯ್ಯ. ಆ ನಂಬರ್ ಬದ್ಲಾಯಿಸ್ಬೇಕು,' ಎಂದರು. ಇನ್ನು ನನ್ನ ನಂಬರೇ ಎಂದುಕೊಂಡೆ. ಮನೆಯಲ್ಲಿ ಹೇಗೆ ಹೇಳಬೇಕು, ಯಾರ ಮುಂದೆ ಮೊದಲು ಹೇಳಬೇಕು ಎಂದೆಲ್ಲ ಆಗಲೇ ಯೋಚಿಸಿಬಿಟ್ಟೆ.

'ನಮ್ಮನೆಯವ್ಳ ನಂಬರ್ ಆಕ್ಸು,' ಎಂದರು.

ನನಗೆ ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ. ಹಾಕಿಸಿದೆ.

ಅಮ್ಮನವರು ಓಟಿಪಿಯನ್ನು ಸುಮ್ಮನೆ ಕೊಡುವವರಲ್ಲ. ಊಟವಾಯಿತೇ, ಏನು ಸಾರು ಎನ್ನುವಲ್ಲಿಂದ ಶುರುವಾಗಿ, ಯಾವ ಊರಿನ ಲಾರಿ, ಹೂವು ಯಾರ ಹೊಲದ್ದು, ಒದ್ದೆ ಹೂವನ್ನು ಯಾಕೆ ತುಂಬಿದಿರಿ ಎನ್ನುವ ತನಕ ಬರುತ್ತಿದ್ದರು. ಮೊದಲು ತಲೆನೋವಾಗುತ್ತಿತ್ತು. ಆಮೇಲಾಮೇಲೆ, ಇಷ್ಟು ದಿನ ಈಯಮ್ಮ ಇದನ್ನೆಲ್ಲ ಯಾರನ್ನು ಕೇಳಬೇಕಿತ್ತು ಅನ್ನಿಸತೊಡಗಿತು.

ಈಚೆಗೊಂದು ಬೆಳಿಗ್ಗೆ ನಾನು ಚಾಮರಾಜನಗರದ ಮಂಡಿಗೆ ಹೋಗಿದ್ದೆ. ಈರೋಡಿನಿಂದ ಅರಿಸಿನದ ವ್ಯಾಪಾರಿಗಳು ಬಂದು ಕೂತಿದ್ದರು. ಸಾಹುಕಾರರು ಗತ್ತಿನಿಂದ ಕಂಪ್ಯೂಟರ್ ತಮ್ಮ ಕಡೆಗೆ ತಿರುಗಿಸಿಕೊಂಡರು. ಅದು ಓಟಿಪಿ ಕೇಳಿತು. ಮನೆಗೆ ಫೋನು ಮಾಡಿದರೆ ಸೊಸೆ ಎತ್ತಿ, 'ಅತ್ತೆ ಪೂಜೆಗೆ ಕೂತವ್ರೆ ಮಾವ, ಮಾತಾಡ್ಸಂಗಿಲ್ಲ,' ಎಂದಳು.

ಸಾಹುಕಾರರು ಫೋನು ಕೆಳಗಿಟ್ಟರು. ಬಲಗೈ ತಾನಾಗಿಯೇ ಸೊಂಟಕ್ಕೆ ಹೋಗಿ, ಅಲ್ಲಿದ್ದ ಬೀಗದ ಕೈಯನ್ನು ತಡಕಿ, ಹಿಂದಕ್ಕೆ ಬಂತು. ವ್ಯಾಪಾರಿಗಳು ಅದನ್ನೇ ನೋಡುತ್ತಿದ್ದರು. ಸಾಹುಕಾರರು ಎದ್ದು ಬಂದು ಬಾಗಿಲ ಹೊರಗೆ ಜಗಲಿಯ ಮೇಲೆ, ನಾನು ಎಷ್ಟೋ ಬೆಳಗು ಅವರಿಗಾಗಿ ಕಾದ ಜಾಗದಲ್ಲೇ ಕೂತು, 'ಕಾಯನ ಬುಡು. ಬಾ, ಕೂತ್ಕೊ,' ಎಂದರು.

ಬೀಗದ ಕೈ ನನಗೆ ಇವತ್ತಿಗೂ ಸಿಕ್ಕಿಲ್ಲ. ಜಗಲಿಯಲ್ಲಿ ಜೊತೆ ಸಿಕ್ಕಿತು.