ಗಂಡಭೇರುಂಡದ ಸೆರಗು

ಬನಹಟ್ಟಿಯ ನಮ್ಮ ನೇಕಾರರ ಓಣಿಯ ಇತಿಹಾಸದ ಮಾಸ್ತರರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ತುಸು ತಡೀರಿ, ನೋಡೂಣು" ಅನ್ನುತ್ತಿದ್ದರು. ಹಳೆಯ ಬಂಗಾರದ ನಾಣ್ಯವೆಂದರೆ ಮಾತ್ರ ಅವರಿಗೆ ತಡೆಯಲಾಗುತ್ತಿರಲಿಲ್ಲ.

ಒಮ್ಮೆ ಬೆಂಗಳೂರಿನ ಹರಾಜಿಗೆ ವಿಜಯನಗರದ ಗಂಡಭೇರುಂಡ ವರಹ ಬಂತು. ಮಾಸ್ತರರು ಫೋನಿನಲ್ಲೇ ಬೆಲೆ ಕೂಗಬೇಕು. ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸದು. ಅವರು ಬೇಡಿಕೊಂಡಾಗ ನೇಕಾರರು ಮಗ್ಗ ನಿಲ್ಲಿಸಿ ಅವರ ಪಡಸಾಲೆಗೇ ಬಂದು ಕುಳಿತರು. ಬೆಲೆ ಏರಿತು. ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, "ತುಸು ತಡೀರಿ" ಅಂದರು.

"ಹೂಂ ಅನ್ರೀ ಸರ!" ಎಂದು ಎಲ್ಲರೂ ಕೂಗಿದರು. ಅಷ್ಟರಲ್ಲಿ ನಾಣ್ಯ ಬೇರೆಯವರ ಪಾಲಾಯಿತು.

"ಹೋಗ್ಲಿ ಬಿಡ್ರಿ. ಅದು ಹೆಂಗಿತ್ತು, ಬರದು ತೋರಿಸ್ರಿ," ಎಂದ ಹಿರಿಯ ನೇಕಾರ. ಮಾಸ್ತರರು ಎರಡು ತಲೆಯ ಹಕ್ಕಿ ಬರೆದರು.

ಆ ದೀಪಾವಳಿಗೆ ಓಣಿಯ ಸೀರೆಗಳ ಸೆರಗಿನಲ್ಲೆಲ್ಲ ಅದೇ ಹಕ್ಕಿ. ಮಾಸ್ತರರು ಕಟ್ಟೆಯ ಮೇಲೆ ಹೆಂಡತಿಯ ಸೆರಗು ಹಿಡಿದು ಕುಳಿತೇಬಿಟ್ಟರು.

"ಬಿಡ್ರೀ, ಮಂದಿ ನೋಡಾಕತ್ತೈತಿ!" ಎನ್ನುತ್ತ ಆಕೆ ನಕ್ಕರು.